ಮಾದೇವಿಯ ಹಿತ್ತಲಿನ ಮಿನಾಟರಿ

ಬೆಳಿಗ್ಗೆ ಎದ್ದು ಫೋನು ನೋಡಿದರೆ ಎಲ್ಲರಿಗೂ ಬರುವಂತೆ ನನಗೂ ಗುಲಾಬಿ ಹೂವು, ದೇವರ ಪಟ, ಹೊಗೆಯಾಡುವ ಚಹದ ಕಪ್ಪು ಬಂದಿರುತ್ತವೆ. ಅವುಗಳ ನಡುವೆ ಒಂದು ಇಂಗ್ಲಿಷ್ ಶಬ್ದವೂ ಕೂತಿರುತ್ತದೆ. ಅದನ್ನು ಕಳಿಸುವವರು ಭಟ್ಕಳದ ಶಬ್ಬೀರ್ ಸರ್. ನಾವಿಬ್ಬರೂ ಅಲ್ಲಿನ ಕಾಲೇಜೊಂದರಲ್ಲಿ ಒಂದೇ ಮೇಜಿನ ಎರಡು ಬದಿಗೆ ಕೂತು ಇಂಗ್ಲಿಷ್ ಕಲಿಸಿದವರು. ಇಬ್ಬರಿಗೂ ನಿವೃತ್ತಿಯಾಗಿದೆ, ಕಲಿಸುವ ಚಟಕ್ಕೆ ಆಗಿಲ್ಲ. ಕೇಳುವ ಮಕ್ಕಳು ಇಲ್ಲದ್ದರಿಂದ ಅವರು ನನಗೆ ಕಲಿಸುತ್ತಾರೆ, ನಾನು ನಮ್ಮ ಮನೆಯವರಿಗೆ ಕಲಿಸುತ್ತೇನೆ. ನಮ್ಮ ಮನೆಯವರು ಯಾರಿಗೂ ಕಲಿಸುವುದಿಲ್ಲ. ಅವರಿಗೆ ತಿಂಡಿ ಎಂತದು ಎನ್ನುವುದಷ್ಟೇ ಗೊತ್ತಾಗಬೇಕು.

ಆವತ್ತು ಬಂದ ಶಬ್ದ ಮಿನಾಟರಿ. ಬೆದರಿಕೆ ಹೊತ್ತಿರುವುದು, ಮೇಲೆ ಬಂದು ನಿಂತು ಹೆದರಿಸುವುದು ಎಂದು ಅರ್ಥ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ ನಾನು ಅದನ್ನು ಒಮ್ಮೆಯಾದರೂ ಬಾಯಲ್ಲಿ ಆಡಿದ್ದಿಲ್ಲ. ಇಂಗ್ಲಿಷಿನವರೇ ಆಡುತ್ತಾರೋ ಇಲ್ಲವೋ ಅನುಮಾನ. ಮದುವೆಗೆ ಮಾತ್ರ ಹೊರಗೆ ತೆಗೆಯುವ ಸೀರೆಯಂತೆ ಅದು ನಿಘಂಟಿನ ಪೆಟ್ಟಿಗೆಯಲ್ಲೇ ಮಡಿಕೆಯಾಗಿ ಉಳಿದ ಶಬ್ದ. ನಾನು ದೋಸೆ ಹೊಯ್ಯುತ್ತ ಅದನ್ನು ದೊಡ್ಡದಾಗಿ ಉಚ್ಚರಿಸಿ ಅರ್ಥ ಹೇಳಿದೆ. "ದೋಸೆಗೆ ಹಚ್ಚಲೆ ಬತ್ತಾ ಅದು?" ಎಂದರು ನಮ್ಮ ಮನೆಯವರು.

ಶಬ್ಬೀರ್ ಸರ್ ಅರ್ಥ ಹೇಳಿ ಸುಮ್ಮನಾಗುವವರಲ್ಲ. "ಮೇಡಂ, ಶಬ್ದಕ್ಕೂ ಒಂದು ಖಾಂದಾನ್ ಇರ್ತದೆ. ಅದನ್ನ ವಿಚಾರಿಸದೆ ಮನೆ ಒಳಗೆ ಕರೀಬಾರ್ದು," ಎನ್ನುವುದು ಅವರ ಹಳೆಯ ಮಾತು. ಶಬ್ದದ ಹಿಂದೆಯೇ ಫೋನಿಗೆ ಅವರ ಧ್ವನಿ ಸಂದೇಶವೂ ಬಂತು. ಲ್ಯಾಟಿನ್ನಿನಲ್ಲಿ 'ಮಿನೇ' ಎಂದರೆ ಬೆದರಿಕೆ. ಆದರೆ ಅದು ಮೊದಲು ಬೆದರಿಕೆಯಾಗಿರಲಿಲ್ಲವಂತೆ. ಗೋಡೆಯ ನೆತ್ತಿಯಿಂದ ಹೊರಕ್ಕೆ ಚಾಚಿಕೊಂಡ ಮೊನೆಗಳಿಗೆ ಆ ಹೆಸರಿತ್ತು. ತಲೆಯ ಮೇಲೆ ಚಾಚಿಕೊಂಡಿರುವುದು ಯಾವಾಗ ಬೀಳುತ್ತದೋ ಎಂದು ಕೆಳಗಿನವನಿಗೆ ದಿಗಿಲು. ಆ ದಿಗಿಲೇ ಮುಂದೆ ಬೆದರಿಕೆ ಎಂಬ ಅರ್ಥವಾಯಿತು. ಇಮಿನೆಂಟ್, ಪ್ರಾಮಿನೆಂಟ್, ಎಮಿನೆಂಟ್ ಎಲ್ಲ ಇದೇ ಮನೆತನದ ಕೂಸುಗಳು. ಎಮಿನೆಂಟ್ ಎಂದರೆ ಗಣ್ಯರು. ಅವರು ಬೆದರಿಕೆಗೆ ದಾಯಾದಿಗಳು ಎಂದು ತಿಳಿದು ನನಗೆ ಆಶ್ಚರ್ಯವೇನೂ ಆಗಲಿಲ್ಲ. ವೇದಿಕೆಯ ಕೆಳಗೆ ಗಂಟೆಗಟ್ಟಲೆ ಕೂತು ಅವರ ಭಾಷಣ ಕೇಳಿದ ಯಾರಿಗೂ ಆಗಲಿಕ್ಕಿಲ್ಲ.

ಕತೆ ಅಲ್ಲಿಗೂ ಮುಗಿಯುವುದಿಲ್ಲ. ಅದೇ ಬೇರಿನಿಂದ ಮುಂದೆ ದನಗಳನ್ನು ಹೋ ಎಂದು ಕೂಗಿ ಬೆದರಿಸಿ ಅಟ್ಟುವುದಕ್ಕೂ ಒಂದು ಮಾತು ಬಂತು. ಅದು ಫ್ರಾನ್ಸಿಗೆ ಹೋಗಿ ನಡೆಸುವುದು ಎಂದಾಗಿ, ಕೊನೆಗೆ ಪ್ರಾಮನೇಡ್ ಆಯಿತು. ಸಂಜೆ ಹೊತ್ತು ಸಮುದ್ರದ ಗಾಳಿಗೆ ಮೈಯೊಡ್ಡಿ ಅಡ್ಡಾಡುವ ದಾರಿಗೆ ಆ ಹೆಸರು. ಅಪ್ಸರಕೊಂಡದಲ್ಲಿ ಐಸ್‌ಕ್ರೀಮು ಚೀಪುತ್ತ ತಿರುಗುವ ಪ್ರವಾಸಿಗರಿಗೆ ತಾವು ಯಾವ ದನದ ಹಿಂಡಿನ ಹೆಜ್ಜೆ ಹಿಡಿದು ನಡೆಯುತ್ತಿದ್ದೇವೆ ಎಂದು ಗೊತ್ತಿದ್ದರೆ ಚೆನ್ನಾಗಿತ್ತು.

ತಲೆಯ ಮೇಲೆ ಚಾಚಿಕೊಂಡದ್ದು ಎಂದ ಕೂಡಲೇ ನನಗೆ ನೆನಪಾದದ್ದು ಹಳದೀಪುರದ ನಮ್ಮ ಹಳೇ ಹಿತ್ತಿಲಿನ ಒಂದು ತೆಂಗಿನ ಮರ. ತೆಂಗಿಗೆ ನೆಟ್ಟಗೆ ಬೆಳೆಯಬೇಕೆಂಬ ಹಟವಿಲ್ಲ. ಬೆಳಕು ಎಲ್ಲಿದೆಯೋ ಅಲ್ಲಿಗೆ ಮುಖ ಹಾಕುತ್ತದೆ. ನಮ್ಮ ಮರಕ್ಕೆ ನೆರೆಯ ಕೊಂಕಣಿಯವರ ಅಡುಗೆಮನೆಯ ಮೇಲೆ ಬೆಳಕು ಕಂಡಿತು. ವರ್ಷ ವರ್ಷ ವಾಲಿ ವಾಲಿ ಕೊನೆಗೆ ಅದರ ಹೆಡೆ ಸರಿಯಾಗಿ ಅವರ ಹೆಂಚಿನ ನೆತ್ತಿಗೇ ಬಂದು ನಿಂತಿತು. ಕಾಯಿಯೊಂದು ಬಿದ್ದರೆ ಹೆಂಚು ಒಡೆಯಬಹುದು. ಮರವೇ ಬಿದ್ದರೆ ಒಲೆಯ ಮುಂದೆ ಕೂತ ಆ ಮನೆಯ ಶಾಂತಾಬಾಯಿಯ ಗತಿ ಏನು?

ಶಾಂತಾಬಾಯಿ ಒಂದು ದಿನವೂ ಆ ಮರದ ಬಗ್ಗೆ ಬಾಯಿ ಬಿಟ್ಟವರಲ್ಲ. ಬಾವಿಕಟ್ಟೆಯ ಹತ್ತಿರ ಸಿಕ್ಕಾಗ ಮಳೆ, ಮೀನು, ಮಕ್ಕಳ ಕೆಮ್ಮು ಎಲ್ಲ ಮಾತಾಡುತ್ತಿದ್ದರು. ಮರ ಮಾತ್ರ ಇಲ್ಲ. ಮೇ ತಿಂಗಳ ಒಂದು ದಿನ ಅವರು ತಮ್ಮ ಹಿತ್ತಿಲನ್ನು ಗುಡಿಸಿ, ಸೌದೆಯ ರಾಶಿಯನ್ನು ಬದಿಗೆ ಸರಿಸಿ, ಬಸಳೆ ಚಪ್ಪರವನ್ನೂ ಬಿಚ್ಚಿದ್ದನ್ನು ನಮ್ಮ ಆಯಿ, ಎಂದರೆ ಅಮ್ಮ, ಬೇಲಿಯ ಈಚೆಯಿಂದ ನೋಡಿದಳು. ಅಪ್ಪಯ್ಯನ ಹತ್ತಿರ ಬಂದು, "ಅವ್ರು ಜಾಗ ಮಾಡಿ ಇಟ್ಟಿದ್ದು ಕಂಡತ್ತಾ? ಮರ ನಮ್ದು, ವಾಲಿದ್ದು ಅವ್ರ ಮನೆ ಮೇಲೆ. 'ಕಟ್ಟಿಸಿ' ಹೇಳಿ ಅವ್ರ ಬಾಯಲ್ಲಿ ಹೇಳಿಸ್ಕಂಬದು ಎಂತಕ್ಕೆ?" ಎಂದಳು. ನಮ್ಮ ಕರಾವಳಿಯಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು. ವಾಲಿದ ಮರದ ಯಜಮಾನ ತಾನೇ ಅದನ್ನು ಬೀಳದಂತೆ ತಂತಿ ಎಳೆದು ಕಟ್ಟಿಸಬೇಕು. ಕೆಳಗಿರುವವರು ಕೇಳುವುದು ಮರ್ಯಾದೆಯಲ್ಲ. ಅವರು ಜಾಗ ಬಿಟ್ಟುಕೊಡಬೇಕು, ಕಟ್ಟಲು ಬಂದವರಿಗೆ ಬೆಲ್ಲ ನೀರು ಕೊಡಬೇಕು.

ಮಾರನೆಯ ದಿನ ಮರ ಹತ್ತುವವನು ಬಂದ. ಮರದ ಕುತ್ತಿಗೆಗೆ ತಂತಿ ಸುತ್ತಿ, ತೊಗಟೆ ಕೊರೆಯದಿರಲಿ ಎಂದು ನಡುವೆ ಹಳೇ ಟಯರಿನ ತುಂಡಿಟ್ಟು, ತಂತಿಯ ಇನ್ನೊಂದು ತುದಿಯನ್ನು ನಮ್ಮ ಹಲಸಿನ ಮರದ ಬುಡಕ್ಕೆ ಬಿಗಿದ. ಇಳಿದು ಬಂದವನಿಗೆ ಶಾಂತಾಬಾಯಿ ಬಾಳೆಲೆಯ ಚೂರಿನಲ್ಲಿ ಬೆಲ್ಲದ ಉಂಡೆ ಇಟ್ಟು ತಂಬಿಗೆ ಕೊಟ್ಟರು. ನಮಗೂ ಒಂದೊಂದು ಚೂರು ಸಿಕ್ಕಿತು. ಮರ ಆಮೇಲೂ ವರ್ಷಗಟ್ಟಲೆ ಹಾಗೆಯೇ ವಾಲಿಕೊಂಡು ಅವರ ಹಿತ್ತಿಲಿಗೂ ನಮ್ಮ ಹಿತ್ತಿಲಿಗೂ ಕಾಯಿ ಕೊಟ್ಟಿತು. ಶಾಂತಾಬಾಯಿ ಅದರ ಕೆಳಗೇ ಹಪ್ಪಳ ಒಣಗಿಸಿದರು.

ಇಷ್ಟನ್ನು ನೆನೆಯುತ್ತ ನಾನು ಎರಡನೆಯ ಚಹ ಕುಡಿಯುತ್ತಿದ್ದಾಗಲೇ ಮಾದೇವಿ ಬಂದಳು. ಅವಳ ಮನೆ ನಮ್ಮಿಂದ ಸ್ವಲ್ಪ ದೂರ, ಭಟ್ಕಳಕ್ಕೆ ಹೋಗುವ ಹೆದ್ದಾರಿಯ ತಿರುವಿನಲ್ಲಿದೆ. ಗಂಡ ಟೆಂಪೋ ಓಡಿಸುತ್ತಾನೆ, ಮಗಳು ಕಾಲೇಜಿಗೆ ಹೋಗುತ್ತಾಳೆ. ಮಾದೇವಿಯ ತವರು ಕುಮಟೆಯ ಸಿಹಿ ಈರುಳ್ಳಿಯ ಸೀಮೆ. ಅಲ್ಲಿಂದ ಬೀಜ ತಂದು ಭತ್ತ ಕೊಯ್ದ ಗದ್ದೆಯಲ್ಲಿ ಈರುಳ್ಳಿ ಬೆಳೆಯುತ್ತಾಳೆ. ಜಡೆಯಂತೆ ಹೆಣೆದು ಬೇಸಿಗೆಯಲ್ಲಿ ರಸ್ತೆ ಬದಿಗೆ ತೂಗುಹಾಕಿ ಮಾರುತ್ತಾಳೆ, ಉಳಿದದ್ದನ್ನು ಮನೆಯ ಜಂತಿಗೆ ತೂಗುಹಾಕುತ್ತಾಳೆ. ನಾನು ಕಾಲೇಜಿನಲ್ಲಿ ಎಷ್ಟೇ ದೊಡ್ಡ ಮೇಡಂ ಆಗಿದ್ದರೂ ಅವಳಿಗೆ ಅಕ್ಕೋರು. ನಮ್ಮ ಊರಿನಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ.

"ಅಕ್ಕೋರೇ, ಈ ಕಾಗ್ದ ನೋಡಿ. ಕಟ್ಟುಕೆ ಬರುದು ಯಾವಾಗ ಅಂತ ಇದ್ಯಾ ಇದ್ರಲ್ಲಿ?" ಎಂದಳು.

ಅದು ನೋಟಿಸು. ಓದಲು ಮಾದೇವಿಗೂ ಬರುತ್ತದೆ. ಆದರೆ ಸರಕಾರಿ ಕನ್ನಡವನ್ನು ಓದು ಬಂದವರಿಗೆಲ್ಲ ತಿಳಿಯಲಿ ಎಂದು ಬರೆಯುವುದಿಲ್ಲ. ನಾನೂ ಎರಡು ಸಲ ಓದಬೇಕಾಯಿತು. ಸದರಿ ವಾಸದ ಮನೆಯ ಹಿಂಭಾಗದ ಗುಡ್ಡವು ಕುಸಿಯುವ ಸಂಭವವಿರುವುದರಿಂದ, ಮಳೆಗಾಲಕ್ಕೆ ಮೊದಲು ಮನೆ ತೆರವುಗೊಳಿಸಿ ಬೇರೆಡೆಗೆ ತೆರಳತಕ್ಕದ್ದು. ತಪ್ಪಿದಲ್ಲಿ ಮುಂದೆ ಆಗುವ ಜೀವಹಾನಿಗೆ ತಾವೇ ಜವಾಬ್ದಾರರು. ಕೆಳಗೆ ದುಂಡಗಿನ ಮೊಹರು.

ನನಗೆ ಮೈಯೆಲ್ಲ ಉರಿಯಿತು. ಗುಡ್ಡ ತಾನಾಗಿಯೇ ಒಂದು ದಿನ ಬೆಳಿಗ್ಗೆ ಎದ್ದು ಕುಸಿಯೋಣ ಎಂದು ಮನಸ್ಸು ಮಾಡಿತೆ? ನಾನು ಹಳದೀಪುರದಿಂದ ಭಟ್ಕಳಕ್ಕೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ ಈ ದಾರಿಯ ಗುಡ್ಡಗಳು ಗೇರು ಮರ ಹೊತ್ತು, ಮಲಗಿದ ಎಮ್ಮೆಗಳ ಹಾಗೆ ನಿಧಾನವಾಗಿ ಇಳಿದು ಗದ್ದೆಗೆ ಸೇರುತ್ತಿದ್ದವು. ಮಾದೇವಿಯ ಮನೆಯ ಹಿಂದಿನ ಗುಡ್ಡವೂ ಹಾಗೆಯೇ ಇತ್ತು. ಅವಳ ಅತ್ತೆ ಅದರ ಮೇಲಿಂದ ಸೊಪ್ಪಿನ ಹೊರೆ ಹೊತ್ತು ಇಳಿಯುವುದನ್ನು ಬಸ್ಸಿನ ಕಿಟಕಿಯಿಂದ ಎಷ್ಟು ಸಲ ಕಂಡಿದ್ದೇನೆ. ರಸ್ತೆ ಅಗಲ ಮಾಡುವಾಗ ಅವಳ ಮನೆಯ ಮುಂದಿನ ಅಂಗಳ ಹೋಯಿತು. ಆಮೇಲೆ ರಸ್ತೆ ಏರಿಸಲು ಮಣ್ಣು ಬೇಕೆಂದು ಹಿಂದಿನ ಗುಡ್ಡದ ಬುಡ ಹೋಯಿತು. ಈಗ ಅದು ಕೊಯ್ದಿಟ್ಟ ಕಲ್ಲಂಗಡಿಯ ಹಾಗೆ ಕೆಂಪಗೆ, ಲಂಬವಾಗಿ ನಿಂತಿದೆ. ಬುಡದ ಮಣ್ಣು ಜಾರಿ, ನೆತ್ತಿಯ ಚಿರೆಕಲ್ಲು ಮಾತ್ರ ಮನೆಯ ಕಡೆಗೆ ಮುಂದಕ್ಕೆ ಚಾಚಿಕೊಂಡಿದೆ. ತುದಿಯಲ್ಲೊಂದು ಗೇರು ಮರ, ಅರ್ಧ ಬೇರು ಗಾಳಿಯಲ್ಲಿ. ಲ್ಯಾಟಿನ್ನಿನವರು ಯಾವ ಗೋಡೆಯ ಮೊನೆ ನೋಡಿ ಶಬ್ದ ಕಟ್ಟಿದರೋ ಕಾಣೆ, ನಮ್ಮ ತಿರುವಿಗೆ ಬಂದಿದ್ದರೆ ಅವರ ಕೆಲಸ ಸುಲಭವಾಗುತ್ತಿತ್ತು.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಈ ನೋಟಿಸು ಅದೇ. ಬುಡ ಕಡಿದವರು ಹೆದ್ದಾರಿಯವರು, ಬಿದ್ದರೆ ಜವಾಬ್ದಾರಿ ಮಾದೇವಿಯದು! ಶಬ್ಬೀರ್ ಸರ್ ಹೇಳಿದ ಶಬ್ದದ ವಂಶಾವಳಿಯೆಲ್ಲ ಒಂದೇ ಹಾಳೆಯಲ್ಲಿತ್ತು. ಮೊದಲು ತಲೆಯ ಮೇಲೆ ಚಾಚುವಂತೆ ಮಾಡುವುದು, ಆಮೇಲೆ ಬೆದರಿಸುವುದು, ಕೊನೆಗೆ ಹೋ ಎಂದು ಅಟ್ಟುವುದು.

ನಾನು ನೋಟಿಸಿನ ಅರ್ಥ ಬಿಡಿಸಿ ಹೇಳಿದೆ. ಮಾದೇವಿ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು. "ಹಂಗಾರೆ ಕಟ್ಟುಕೆ ಬರುದಿಲ್ವಾ ಅವ್ರು?" ಎಂದಳು.

"ಯಾರು ಕಟ್ಟುವುದು ಮಾದೇವಿ? ಎಂತದು ಕಟ್ಟುವುದು?"

"ಗುಡ್ಡ ಅಕ್ಕೋರೇ. ಗಡಿಕಲ್ಲು ನೆಡುಕೆ ಬಂದಾಗ ರಸ್ತೆಯವ್ರೇ ಹೇಳಿದ್ರು, ಇನ್ಮೇಲೆ ಗುಡ್ಡ ನಮ್ದು, ಸೊಪ್ಪು ಗಿಪ್ಪು ಕೊಯ್ಬೇಡಿ ಅಂತ. ನಾವು ಒಂದು ಎಲೆ ಮುಟ್ಲಿಲ್ಲ. ಗುಡ್ಡ ಅವ್ರದ್ದಾದ್ಮೇಲೆ ವಾಲಿದ್ದನ್ನ ಕಟ್ಟುದು ಅವ್ರೇ ಅಲ್ದಾ? ನಾ ಹಿತ್ಲಲ್ಲಿ ಜಾಗ ಬಿಟ್ಕಂಡೇ ಇದ್ದೆ."

ಆಗ ನನಗೆ ಹೊಳೆಯಿತು. ಮನೆಗೂ ಗುಡ್ಡಕ್ಕೂ ನಡುವಿನ ಮಣ್ಣಿನಲ್ಲಿ ಅವಳು ಈರುಳ್ಳಿ ನೆಡುವುದನ್ನು ನಿಲ್ಲಿಸಿದ್ದಳು. ಚಿನ್ನದಂಥ ಮರಳು ಮಣ್ಣು, ಯಾಕೆ ಖಾಲಿ ಬಿಟ್ಟಿದ್ದಾಳೆ ಎಂದು ನಾನೇ ಎಷ್ಟೋ ಸಲ ಅಂದುಕೊಂಡಿದ್ದೆ, ಸೋಮಾರಿತನ ಬಂತೇನೋ ಎಂದೂ ಅಂದುಕೊಂಡಿದ್ದೆ. ಅವಳು ಪ್ರತಿ ಬೇಸಿಗೆಯಲ್ಲಿ ಅದನ್ನು ಗುಡಿಸಿ, ಸೌದೆ ಸರಿಸಿ, ಗುಡ್ಡದ ಯಜಮಾನರು ತಂತಿ, ಯಂತ್ರ ತಂದು ನಿಲ್ಲಿಸಲು ಜಾಗ ಮಾಡಿ ಕಾದಿದ್ದಳು. ಬೆಲ್ಲವನ್ನೂ ಡಬ್ಬಿಯಲ್ಲಿ ತೆಗೆದಿಟ್ಟಿದ್ದಳು. ಕೇಳುವುದು ಮರ್ಯಾದೆಯಲ್ಲ ಎಂದು ಕೇಳಿರಲಿಲ್ಲ. ಹೆದ್ದಾರಿ ಮಾಡುವವರನ್ನು ಅವಳು ನೆರೆಯವರು ಎಂದು ತಿಳಿದುಕೊಂಡಿದ್ದಳು. ಇಂಥ ತಪ್ಪನ್ನು ನಮ್ಮ ಕಡೆಯವರಲ್ಲದೆ ಇನ್ಯಾರು ಮಾಡುತ್ತಾರೆ? ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. "ನಡಿ, ಕೇಳಿಯೇ ಬರೋಣ," ಎಂದು ಇಸ್ತ್ರಿ ಸೀರೆ ಉಟ್ಟು ಹೊರಟೆ.

ಕಚೇರಿ ಯಾವುದು, ಸಾಹೇಬರು ಯಾರು ಎಂದು ಹೇಳುವುದಿಲ್ಲ. ಅವರು ಹೋದರೆ ಇನ್ನೊಬ್ಬರು ಬರುತ್ತಾರೆ, ಕುರ್ಚಿ ಅದೇ. ಪಾಪ, ಸಾಹೇಬರೆಂದರೂ ಚಿಕ್ಕ ಹುಡುಗ, ಮರ್ಯಾದಸ್ಥ. ನಮ್ಮನ್ನು ಕೂರಿಸಿದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಒಂದು ವಾಕ್ಯ ತಯಾರು ಮಾಡಿಕೊಂಡಿದ್ದೆ. ನಿವೃತ್ತ ಅಧ್ಯಾಪಕಿಯ ಹತ್ತಿರ ಇನ್ಯಾವ ಆಯುಧವಿದೆ? "ನಿಮ್ಮ ಈ ನೋಟಿಸು ಅತ್ಯಂತ ಮಿನಾಟರಿ ಆಗಿದೆ," ಎಂದು ಇಂಗ್ಲಿಷಿನಲ್ಲಿ ಗುಡುಗಿದೆ. "ಥ್ಯಾಂಕ್ಯೂ ಮೇಡಂ," ಎಂದ ಆತ ತಲೆಬಾಗಿ. ನನ್ನ ಬತ್ತಳಿಕೆ ಅಲ್ಲಿಗೆ ಖಾಲಿಯಾಯಿತು.

ಮಾದೇವಿ ಸೆರಗು ಸರಿಮಾಡಿಕೊಂಡು ಕೇಳಿದಳು. "ಸಾಹೇಬ್ರೇ, ಗುಡ್ಡ ಯಾರದ್ದು?"

"ಸ್ವಾಧೀನ ಆಗಿದೆಯಮ್ಮ. ನಮ್ಮದೇ."

"ಹಂಗಾರೆ ಕಟ್ಟುಕೆ ಯಾವಾಗ ಬತ್ರಿ?"

ಆತನಿಗೆ ಅರ್ಥವಾಗಲಿಲ್ಲ. ನಾನು ತೆಂಗಿನ ಮರ, ತಂತಿ, ಟಯರಿನ ತುಂಡು ಎಲ್ಲ ವಿವರಿಸಿದೆ. ಆತ ನಗಲಿಲ್ಲ, ಅದನ್ನು ಒಪ್ಪಬೇಕು. "ತಡೆಗೋಡೆ ಕಟ್ಟಬಹುದು, ಬಲೆ ಹಾಕಬಹುದು, ಆಗುವುದಿಲ್ಲ ಅಂತಲ್ಲ ಮೇಡಂ. ಆದರೆ ಅದಕ್ಕೆಲ್ಲ ಮೇಲಿನಿಂದ ಮಂಜೂರಿ ಬೇಕು," ಎಂದ.

"ಅದು ಬೀಳುಕೆ ಮಂಜೂರಿ ಬೇಡ್ವಾ?" ಎಂದಳು ಮಾದೇವಿ.

ಆತ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. ಆಮೇಲೆ, "ನಿಮ್ಮ ಅಹವಾಲು ನಮಗೆ ಮುಟ್ಟಿದೆ. ಮಳೆ ಶುರುವಾಗುವ ಮೊದಲು ನಮ್ಮ ಜನ ಖಂಡಿತ ಸ್ಥಳಕ್ಕೆ ಬರುತ್ತಾರೆ," ಎಂದ. ಮಾದೇವಿಯ ಮುಖ ಅರಳಿತು. ಹೊರಗೆ ಬಂದು ನನಗೆ ಕಬ್ಬಿನ ಹಾಲು ಕುಡಿಸಿದಳು. ನಾನು ಅನುಮಾನದ ಪಿಶಾಚಿ. ಆದರೂ ಆ ಹಾಲು ಕುಡಿಯುವಾಗ ನನಗೂ ನಂಬಿಕೆ ಬಂತು, ಸುಳ್ಳೇಕೆ ಹೇಳಲಿ.

ಜನ ಬಂದದ್ದೂ ನಿಜ. ಮೋಡ ಕಟ್ಟತೊಡಗಿದ ಒಂದು ಬೆಳಿಗ್ಗೆ ಮಾದೇವಿ ಫೋನು ಮಾಡಿ, "ಬಂದ್ರು ಅಕ್ಕೋರೇ, ಬಂದ್ರು! ಗಾಡಿ ತಕಂಡು ಬಂದಿದಾರೆ," ಎಂದಳು. ನಾನು ಒಲೆ ಆರಿಸಿ ರಿಕ್ಷಾ ಹಿಡಿದೆ. ಹೋಗುವಷ್ಟರಲ್ಲಿ ಅವಳು ಗುಡಿಸಿಟ್ಟ ಹಿತ್ತಿಲಿನ ನಟ್ಟನಡುವೆ ಇಬ್ಬರು ಕೆಲಸದವರು ಹಾರೆ ಹಿಡಿದು ಗುಂಡಿ ತೋಡುತ್ತಿದ್ದರು. ಮಾದೇವಿ ಹಿಂಬಾಗಿಲಲ್ಲಿ ತಂಬಿಗೆ, ಬೆಲ್ಲದ ಡಬ್ಬಿ ಹಿಡಿದು ನಿಂತಿದ್ದಳು. ಗುಂಡಿ ತಡೆಗೋಡೆಯ ಪಾಯಕ್ಕೆ ಇರಬೇಕೆಂದು ಅವಳ ಲೆಕ್ಕಾಚಾರ.

ಗಾಡಿಯಿಂದ ಇಳಿದದ್ದು ಎರಡು ಕಬ್ಬಿಣದ ಕಂಬ, ಒಂದು ಹಳದಿ ತಗಡು. ಗುಂಡಿಯಲ್ಲಿ ಕಂಬ ನೆಟ್ಟು, ಕಲ್ಲು ತುಂಬಿ ಗುದ್ದಿದರು. ಎಚ್ಚರಿಕೆ, ಗುಡ್ಡ ಕುಸಿಯುವ ಪ್ರದೇಶ, ವಾಹನ ನಿಲ್ಲಿಸಬೇಡಿ ಎಂದು ಬರೆದಿತ್ತು. ಕೆಳಗೆ ಇಂಗ್ಲಿಷಿನಲ್ಲೂ ಇತ್ತು, ಹಿಂದಿಯಲ್ಲೂ ಇತ್ತು. ಅದರ ಮುಖ ಓರೆಯಾಗಿ, ಹಿತ್ತಿಲಿನ ಬದಿಯಿಂದ ಸುತ್ತಿ ಹೋಗುವ ರಸ್ತೆಯ ಕಡೆಗೆ. ಕಾರಿನಲ್ಲಿ ಹೋಗುವವರ ಜೀವಕ್ಕೆ ಮೂರು ಭಾಷೆಯಲ್ಲಿ ಕಾಳಜಿ. ಮಾದೇವಿಯ ಹಿಂಬಾಗಿಲಿಗೆ ಕಾಣುವುದು ತಗಡಿನ ಬೆನ್ನು, ಅದರ ಹಿಂದೆ ಗುಡ್ಡ. ಇಷ್ಟು ವರ್ಷ ಅವಳು ಈರುಳ್ಳಿ ನೆಡದೆ ಕಾಯ್ದಿಟ್ಟ ಜಾಗ, ಎಲ್ಲ ಬಿಟ್ಟು, ಇದಕ್ಕೆ ಹೋಯಿತು! ಗುಡ್ಡದ ಬುಡ ಕಡಿಯಲು ಇವರಿಗೆ ಯಂತ್ರಗಳ ಸಾಲೇ ಸಿಕ್ಕಿತ್ತು, ಹಿಡಿದು ನಿಲ್ಲಿಸಲು ಒಂದು ಹಿಡಿ ಸಿಮೆಂಟಿಲ್ಲ. ನಾನು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಕೆಲಸದವರು ತಲೆ ತಗ್ಗಿಸಿ ನಿಂತರು. "ನಾವೆಂತ ಮಾಡುದು ಅಮ್ಮ, ಬೋರ್ಡು ಹಾಕಿ ಬನ್ನಿ ಅಂದ್ರು," ಎಂದ ಒಬ್ಬ. ಅವರನ್ನು ಬೈದು ಪ್ರಯೋಜನವಿಲ್ಲ ಎಂದು ನನಗೂ ಗೊತ್ತಿತ್ತು. ಬೈಯಬೇಕಾದವರು ಬೈಗುಳ ಕೇಳುವಷ್ಟು ಹತ್ತಿರ ಬರುವುದಿಲ್ಲವಲ್ಲ.

ಬೆವರು ಒರೆಸಿಕೊಳ್ಳುತ್ತ ಇನ್ನೊಬ್ಬ ನೀರು ಕೇಳಿದ. ಮಾದೇವಿ ತಂಬಿಗೆ ಕೊಟ್ಟಳು. ಇಬ್ಬರೂ ಕುಡಿದರು. ಅವನ ಕಣ್ಣು ಡಬ್ಬಿಯ ಮೇಲೆ ಹೋಯಿತು. ಮಾದೇವಿ ಡಬ್ಬಿಯ ಮುಚ್ಚಳ ಒತ್ತಿ ಭದ್ರ ಮಾಡಿ, "ನೀರು ಬೇಕಷ್ಟು ಕುಡೀರಿ. ಬೆಲ್ಲ ಕಟ್ಟುಕೆ ಬಂದವ್ರಿಗೆ ಇಟ್ಟದ್ದು," ಎಂದಳು. ಬಿಸಿಲಲ್ಲಿ ದುಡಿದು ಬಂದವರಿಗೆ ಬರೀ ನೀರು ಕೊಟ್ಟದ್ದನ್ನು ನಾನು ನಮ್ಮ ಕಡೆ ಅದೇ ಮೊದಲು ಕಂಡದ್ದು. ನಾನು ಅಷ್ಟು ಹೊತ್ತು ಕೂಗಾಡಿದರೂ ತಗ್ಗದಷ್ಟು ಅವರ ತಲೆ ಆಗ ತಗ್ಗಿತು.

ಗಾಡಿ ಹೋದ ಮೇಲೆ ಅವಳು ಗುಡ್ಡದ ನೆತ್ತಿಯನ್ನು ಸುಮಾರು ಹೊತ್ತು ನೋಡಿದಳು. "ಅಕ್ಕೋರೇ, ನಿಮ್ಮನೆ ಹಿಂದಿನ ಕೋಣೆಲಿ ಈರುಳ್ಳಿ ತೂಗ್ಹಾಕುಕೆ ಜಂತಿ ಗಟ್ಟಿ ಇದ್ಯಾ?" ಎಂದು ಕೇಳಿದಳು. ಮನೆ ಬಿಡುತ್ತೇನೆ ಎಂದು ಅವಳ ಬಾಯಲ್ಲಿ ಬರಲಿಲ್ಲ. ಗಟ್ಟಿ ಇದೆ ಎಂದೆ.

ಮಾರನೆಯ ದಿನ ಗಂಡನ ಟೆಂಪೋದಲ್ಲಿ ಪಾತ್ರೆ, ಹಾಸಿಗೆ, ಮಗಳ ಪುಸ್ತಕ, ಈರುಳ್ಳಿ ಎಲ್ಲ ಬಂದವು. ನಮ್ಮ ಮನೆಯವರು ಏಣಿ ಹಿಡಿದರು. ಈಗ ಆ ಕೋಣೆಯಲ್ಲಿ ನಿಂತು ತಲೆ ಎತ್ತಿದರೆ ನೆತ್ತಿಯ ಮೇಲೆಲ್ಲ ಕೆಂಪು ಜಡೆಗಳು ತೂಗುತ್ತವೆ, ಒಂದಕ್ಕೂ ನಾನು ಹೆದರುವುದಿಲ್ಲ. ಕಟ್ಟಿದ ಕೈ ಯಾರದೆಂದು ಗೊತ್ತಿದೆ. ಶಬ್ಬೀರ್ ಸರ್‌ಗೆ ನಡೆದದ್ದನ್ನೆಲ್ಲ ಹೇಳಿದೆ. ಅವತ್ತಿನಿಂದ ಎರಡು ದಿನ ಅವರಿಂದ ಯಾವ ಶಬ್ದವೂ ಬರಲಿಲ್ಲ.

ಅವಳು ಬಂದ ದಿನ, ಸಾಮಾನು ಇಳಿಸಿ ಮುಗಿದ ಮೇಲೆ, "ಬೀಗ ಸರಿ ಹಾಕಿದ್ಯಾ?" ಎಂದು ಮಾದೇವಿಯನ್ನು ಕೇಳಿದೆ.

"ಹಾಕಿದೆ. ಹಿತ್ಲೂ ಗುಡಿಸಿ ಬಂದೆ. ಕಟ್ಟುಕೆ ಬಂದ್ರೆ ಜಾಗ ಬೇಕಲ್ದಾ?"

ಅವಳು ಚೀಲದಿಂದ ಬೆಲ್ಲದ ಡಬ್ಬಿ ತೆಗೆದು ನಮ್ಮ ಗೋಡೆಯ ಗೂಡಿನಲ್ಲಿಟ್ಟಳು.

"ಇದನ್ನ ಮಾತ್ರ ಅಲ್ಲಿ ಬಿಡ್ಲಿಲ್ಲ ಅಕ್ಕೋರೇ. ಕಟ್ಟಿ ಮುಗ್ಸಿ, ಇಲ್ಲಿಗೇ ಬಂದು ಕೇಳಿ ಇಸ್ಕಳ್ಲಿ."